ಅರಿಶಿನದ ಕ್ಯಾಪ್ಸೂಲ್ ಅಮ್ಮನಿಗೆ ಕೊಡಬಹುದಾ?

ಪ್ರಶ್ನೆ: ಅಮ್ಮನಿಗೆ 62 ವರ್ಷ. ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಆಂಟಿಆಕ್ಸಿಡೆಂಟ್ ಜಾಸ್ತಿ ಇದೆ ಎಂದು ನೆಂಟರೊಬ್ಬರು ಅರಿಶಿನ, ಕಾಳುಮೆಣಸಿನ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ದಿನಾ ಅಡುಗೆಗೆ ಹಾಕುವ ಅರಿಶಿನವೇ ಅಲ್ವಾ, ಕೊಡಬಹುದಾ?

ಉತ್ತರ: ಕೊಡಬೇಡಿ. ಮೊದಲು ಅವರ ಡಾಕ್ಟರಿಗೆ ಡಬ್ಬಿ ತೋರಿಸಿ. ಈಗಾಗಲೇ ಕೊಟ್ಟಿದ್ದರೆ ಅದನ್ನೂ ಹೇಳಿ.

ಅಡುಗೆಯ ಅರಿಶಿನವೇ ಬೇರೆ, ಇದೇ ಬೇರೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಮುಖ್ಯ ಅಂಶ ಕರ್ಕ್ಯುಮಿನ್. ಅರಿಶಿನದಲ್ಲಿ ಅದು ಇರುವುದು ನೂರಕ್ಕೆ ಸುಮಾರು 3 ಭಾಗ. ಅದರಲ್ಲೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲೂ ಅದು ಇದ್ದೂ ಇಲ್ಲದಂತಿತ್ತು. ಜೊತೆಗೆ ಮೆಣಸಿಗೆ ಖಾರ ಕೊಡುವ ಪೈಪರಿನ್ ಎಂಬ ಅಂಶವನ್ನು 20 ಮಿಲಿಗ್ರಾಂ ಕೊಟ್ಟಾಗ ಶೇ 2000ದಷ್ಟು ಏರಿತು. ಕ್ಯಾಪ್ಸೂಲಿಗೆ ಮೆಣಸು ಸೇರಿಸುವುದು ಇದೇ ಕಾರಣಕ್ಕೆ.

ತೊಂದರೆ ಇರುವುದೂ ಅಲ್ಲೇ. ಔಷಧಗಳನ್ನು ಒಡೆದು ಹೊರಹಾಕುವ ದೇಹದ ಕೆಲಸವನ್ನು ಪೈಪರಿನ್ ನಿಧಾನ ಮಾಡುತ್ತದೆ. ಬೇರೆ ಮಾತ್ರೆಗಳ ಪ್ರಮಾಣ ರಕ್ತದಲ್ಲಿ ಏರಬಹುದು. ಕರ್ಕ್ಯುಮಿನ್ ಕೂಡ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣದ್ದು. ಎರಡೂ ಸೇರಿದರೆ ರಕ್ತಸ್ರಾವದ ಭಯ. ಇಂಥ ಕ್ಯಾಪ್ಸೂಲ್‌ಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಇಟಲಿ, ಅಮೆರಿಕದಲ್ಲಿ ವರದಿಯಾಗಿವೆ.

ಆಂಟಿಆಕ್ಸಿಡೆಂಟ್ ಎಂಬ ಹೆಸರು ನೋಡಿ ಮರುಳಾಗಬೇಡಿ. ಜೀವಕೋಶಗಳಿಗೆ ಹಾನಿ ಮಾಡುವ ಕಣಗಳನ್ನು ತಣಿಸುವ ವಸ್ತುವಿಗೆ ಆ ಹೆಸರು. ಅದನ್ನು ಅಳೆಯಲು ಗಿಡದ ಸಾರವನ್ನು ಡಿಪಿಪಿಎಚ್ ಎಂಬ ರಾಸಾಯನಿಕದ ನೇರಳೆ ದ್ರಾವಣಕ್ಕೆ ಹಾಕುತ್ತಾರೆ. ಬಣ್ಣ ಹಳದಿಗೆ ತಿರುಗಿದಷ್ಟೂ ಆ ಗುಣ ಜಾಸ್ತಿ ಎಂದು ಲೆಕ್ಕ. ನಾವು ಕುಡಿಯುವ ಕಾಫಿಯೂ ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗುತ್ತದೆ. ಆದರೆ ಇದು ಗಾಜಿನ ಕೊಳವೆಯ ಮಾತು, ದೇಹದಲ್ಲಿ ಹಾಗೇ ಆಗಬೇಕೆಂದಿಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ದೊಡ್ಡ ಪ್ರಯೋಗ ನಡೆದಿತ್ತು. ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಕೂಡ ಹೆಸರಾಂತ ಆಂಟಿಆಕ್ಸಿಡೆಂಟೇ. ಅದರ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚೇ ಕಂಡಿತು. ಫಲಿತಾಂಶ ಹೊರಬಂದದ್ದು 1994ರಲ್ಲಿ. ಕ್ಯಾರೆಟ್ ತಿನ್ನುವುದರಿಂದ ಹೀಗಾಗುವುದಿಲ್ಲ, ಹೆದರಬೇಡಿ.

ಸಾರು, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನ, ಮೆಣಸು ಧಾರಾಳವಾಗಿ ಇರಲಿ. ನೆಲ್ಲಿಕಾಯಿ ಚಟ್ನಿಯೂ ಒಳ್ಳೆಯದೇ. ಅಮ್ಮ ತೆಗೆದುಕೊಳ್ಳುವುದು ವಾರ್ಫರಿನ್ ಆಗಿದ್ದರೆ ಒಂದು ಎಚ್ಚರಿಕೆ: ಸೊಪ್ಪು ಬಿಡಿಸಬೇಡಿ, ಆದರೆ ಅಳತೆ ಹೆಚ್ಚುಕಡಿಮೆ ಒಂದೇ ರೀತಿ ಇರಲಿ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಪರಿಣಾಮವನ್ನು ಏರುಪೇರು ಮಾಡುತ್ತದೆ.

ಒಸಡಿನಲ್ಲಿ ರಕ್ತ, ಪೆಟ್ಟಾಗದಿದ್ದರೂ ಮೈಮೇಲೆ ನೀಲಿ ಕಲೆ, ಕಪ್ಪು ಮಲ, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕ್ಯಾಪ್ಸೂಲ್ ಡಬ್ಬಿ ಜೊತೆಗಿರಲಿ.