ಎಂ.ಆರ್.ಐ.ಗೆ ಮೊದಲು, ನಿಂತು ಒಂದು ಎಕ್ಸ್-ರೇ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನಗೆ 54 ವರ್ಷ. ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಬಲಗಾಲಿನ ಹರಡು (ಪಾದ ಕಾಲಿಗೆ ಸೇರುವ ಕೀಲು) ಮುರಿದಿತ್ತು. ಪ್ಲೇಟು, ಸ್ಕ್ರೂ ಹಾಕಿ 12 ವರ್ಷವಾಯಿತು. ಈಗ ಎರಡು ವರ್ಷದಿಂದ ತೋಟದ ಧರೆ ಇಳಿಯುವಾಗ ಹರಡು ಹಿಡಿದುಕೊಳ್ಳುತ್ತದೆ, ಸಂಜೆ ಹೊತ್ತಿಗೆ ಊದುತ್ತದೆ. ಮಲಗಿಸಿ ತೆಗೆದ ಎಕ್ಸ್-ರೇ ನೋಡಿ ‘ಅಂಥದ್ದೇನಿಲ್ಲ’ ಎಂದರು. ಶಿವಮೊಗ್ಗಕ್ಕೆ ಹೋಗಿ ಎಂ.ಆರ್.ಐ. ಮಾಡಿಸಿಬಿಡಲೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಈಗಲೇ ಬೇಡ. ನೀವು ಬರೆದಿರುವ ‘ಮಲಗಿಸಿ’ ಎಂಬ ಮಾತಿನಲ್ಲೇ ತೊಡಕಿದೆ.

ಮೊಣಕಾಲು ವಯಸ್ಸಿನಿಂದ ಸವೆಯುವುದು ಹೆಚ್ಚು. ಹರಡು ಹಾಗಲ್ಲ, ಅಲ್ಲಿನ ಸವೆತಕ್ಕೆ ಬಹುಪಾಲು ಕಾರಣ ಹಳೆಯ ಮುರಿತ ಅಥವಾ ಪದೇ ಪದೇ ಆದ ಉಳುಕು. ಹಾಗಾಗಿ ನಿಮಗೆ ಸವೆತ ಇರುವ ಸಾಧ್ಯತೆ ಸಾಕಷ್ಟಿದೆ. ಎಕ್ಸ್-ರೇಯಲ್ಲಿ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗೆ ಹೊದ್ದಿರುವ ನುಣುಪಾದ ಪದರ) ಕಾಣುವುದಿಲ್ಲ, ಎರಡು ಮೂಳೆಗಳ ನಡುವಿನ ಸಂದು ಮಾತ್ರ ಕಾಣುತ್ತದೆ. ಆ ಸಂದು ಎಷ್ಟು ಕಿರಿದಾಗಿದೆ ಎಂಬುದರಿಂದ ಸವೆತವನ್ನು ಅಳೆಯುತ್ತಾರೆ. ಮಲಗಿದಾಗ ಕೀಲಿನ ಮೇಲೆ ಭಾರವಿಲ್ಲದೆ ಸಂದು ಅಗಲವಾಗಿಯೇ ಕಾಣುತ್ತದೆ. ಎದ್ದು ನಿಂತರೆ ಮೂಳೆಗೆ ಮೂಳೆ ತಾಗುವುದು, ಹಿಮ್ಮಡಿ ಒಳಕ್ಕೋ ಹೊರಕ್ಕೋ ವಾಲಿರುವುದು ಬಯಲಾಗುತ್ತದೆ.

ಆದ್ದರಿಂದ ‘ನಿಂತು, ಎರಡೂ ಕಾಲು, ಹರಡಿನ ಮೂರು ನೋಟ’ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದು ನೇರ ಮುಂದಿನಿಂದ, ಒಂದು ಪಕ್ಕದಿಂದ, ಇನ್ನೊಂದು ಕಾಲನ್ನು 15ರಿಂದ 20 ಡಿಗ್ರಿ ಒಳಕ್ಕೆ ತಿರುಗಿಸಿ. ಈ ಮೂರನೆಯದರಲ್ಲಿ ಕೀಲಿನ ಸುತ್ತಲಿನ ಸಂದು ಪೂರ್ತಿ ತೆರೆದು ಕಾಣುತ್ತದೆ. ಹಿಮ್ಮಡಿ ವಾಲಿದಂತಿದ್ದರೆ ಹಿಂದಿನಿಂದ ಇನ್ನೊಂದು ಚಿತ್ರ ಬೇಕಾಗುತ್ತದೆ. ಎಕ್ಸ್-ರೇ ಟ್ಯೂಬು ಸಾಮಾನ್ಯವಾಗಿ ನೆಲಮಟ್ಟಕ್ಕೆ ಇಳಿಯುವುದಿಲ್ಲ, ಅದಕ್ಕೇ ಗಟ್ಟಿಯಾದ ಮರದ ಮೆಟ್ಟಿಲ ಮೇಲೆ ನಿಲ್ಲಿಸಿ ತೆಗೆಯಬೇಕು. ಆ ಮೆಟ್ಟಿಲು ಇಲ್ಲದ ಕಡೆ ಮಲಗಿಸಿಯೇ ಮುಗಿಸಿಬಿಡುತ್ತಾರೆ. ಇನ್ನೊಂದು ತಪ್ಪು ನಮ್ಮ ಕಡೆಯಿಂದಲೇ ಆಗುತ್ತದೆ: ನೋಯುವ ಕಾಲನ್ನು ಸುಮ್ಮನೆ ಊರಿ, ಭಾರವನ್ನೆಲ್ಲ ಇನ್ನೊಂದರ ಮೇಲೆ ಹಾಕುವುದು. ಹಾಗೆ ನಿಂತರೆ ಮಲಗಿ ತೆಗೆಸಿದ ಹಾಗೆಯೇ. ಗೋಡೆಯನ್ನೋ ಕಂಬಿಯನ್ನೋ ಹಿಡಿದುಕೊಳ್ಳಿ, ಆದರೆ ಭಾರ ಎರಡೂ ಕಾಲಿಗೆ ಸಮವಾಗಿ ಬೀಳಲಿ.

ವರದಿಯಲ್ಲಿ 0ರಿಂದ 4ರವರೆಗಿನ ದರ್ಜೆ ಇರಬಹುದು. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ರೂಪಿಸಿದ ಅಳತೆ ಅದು. 2 ಮತ್ತು ಅದಕ್ಕಿಂತ ಮೇಲಿದ್ದರೆ ಸವೆತವಿದೆ ಎಂದು ಲೆಕ್ಕ. ದರ್ಜೆಗೂ ನೋವಿಗೂ ತಾಳೆಯಾಗಲೇಬೇಕೆಂದಿಲ್ಲ. 3 ಇದ್ದೂ ಗದ್ದೆ ಕೆಲಸ ಮಾಡುವವರಿದ್ದಾರೆ, 1ಕ್ಕೇ ಕುಂಟುವವರಿದ್ದಾರೆ.

ಹಾಗಾದರೆ ಎಂ.ಆರ್.ಐ. ಯಾವಾಗ? ನಿಂತು ತೆಗೆದ ಎಕ್ಸ್-ರೇಯಲ್ಲಿ ಸಂದು ಚೆನ್ನಾಗಿದ್ದೂ ನೋವು ಬಿಡದಿದ್ದಾಗ. ಮೂಳೆಯೊಳಗಿನ ನೀರೂತ, ಕೀಲಿನ ಮೇಲ್ಮೈಯಲ್ಲಿ ಎದ್ದ ಚಕ್ಕೆ, ಹರಿದ ಸ್ನಾಯುಬಂಧ ಇವು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಹರಡಿನ ಮೃದ್ವಸ್ಥಿಯ ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು ಅಷ್ಟೇ. ಮೇಲಿನ ಪದರ, ಕೆಳಗಿನ ಪದರ ಒಂದಕ್ಕೊಂದು ಅಂಟಿಕೊಂಡಂತೆ ಕಾಣುವುದುಂಟು. ನಿಮಗಂತೂ ಒಳಗೆ ಲೋಹವಿದೆ. ಸ್ಟೀಲಿನ ಪ್ಲೇಟಾದರೆ ಸುತ್ತಲಿನ ಚಿತ್ರ ಕದಡಿ, ನೋಡಬೇಕಾದ ಜಾಗವೇ ಮಸುಕಾಗುತ್ತದೆ. ಟೈಟಾನಿಯಂ ಆದರೆ ಆ ತೊಂದರೆ ಕಡಿಮೆ. ಆಪರೇಷನ್ ಆದಾಗ ಕೊಟ್ಟ ಡಿಸ್ಚಾರ್ಜ್ ಕಾಗದ ಹುಡುಕಿ ಇಟ್ಟುಕೊಳ್ಳಿ, ಯಾವ ಲೋಹ ಎಂಬುದು ಅದರಲ್ಲಿ ಇರಬಹುದು.

ಸಿ.ಟಿ. ಸ್ಕ್ಯಾನ್ ಮೂಳೆಯ ವಿಷಯದಲ್ಲಿ ಎಲ್ಲಕ್ಕಿಂತ ಖಚಿತ. ಹರಡಿನ ಕೆಳಗೆ, ಹಿಮ್ಮಡಿ ಮೂಳೆಯ ಮೇಲಿರುವ ಕೀಲು ಓರೆಯಾಗಿರುವುದರಿಂದ ಎಕ್ಸ್-ರೇಯಲ್ಲಿ ಸರಿಯಾಗಿ ಸಿಗುವುದಿಲ್ಲ. ಅದಕ್ಕೂ ಆಪರೇಷನ್ನಿನ ಯೋಜನೆಗೂ ಸಿ.ಟಿ.ಯೇ ಬೇಕು. ನಿಂತಂತೆಯೇ ತೆಗೆಯುವ ಸಿ.ಟಿ. ಯಂತ್ರವೂ ಬಂದಿದೆ, ಆದರೆ ಎಲ್ಲ ಕಡೆ ಸಿಗುವಂಥದ್ದಲ್ಲ.

ಎರಡು ಕೀಲುಗಳಲ್ಲಿ ಸವೆತ ಕಂಡು, ನೋವು ಯಾವುದರದ್ದೆಂದು ತಿಳಿಯದಿದ್ದರೆ ಅಲ್ಟ್ರಾಸೌಂಡ್ ನೋಡಿಕೊಂಡು ಒಂದು ಕೀಲಿಗೆ ಮಾತ್ರ ಮರಗಟ್ಟುವ ಔಷಧಿ ಚುಚ್ಚುತ್ತಾರೆ. ಆಮೇಲೆ ಮೆಟ್ಟಿಲು ಹತ್ತಿಳಿಸುತ್ತಾರೆ. ನೋವು ಮಾಯವಾದರೆ ಆ ಕೀಲೇ ಕಾರಣ. ಯಾವ ಸ್ಕ್ಯಾನೂ ಕೊಡದ ಉತ್ತರ ಇದು.

ಪ್ರಶ್ನೆ: ಅಮ್ಮನಿಗೆ ಹೆಬ್ಬೆರಳಿನ ಬುಡ ಗಂಟು ಕಟ್ಟಿದೆ, ನಡೆಯುವಾಗ ಬಾಗುವುದಿಲ್ಲ. ಅಲ್ಟ್ರಾಸೌಂಡ್ ಒಂದೇ ಸಾಕಾಗುತ್ತದೆಯೇ? ಎಕ್ಸ್-ರೇ ಕಿರಣದ ಭಯ ಅವರಿಗೆ.
– ಓದುಗರು, ಹೊಸನಗರ

ಉತ್ತರ: ಪಾದದ ಒಂದು ಎಕ್ಸ್-ರೇಯಲ್ಲಿ ತಗಲುವ ವಿಕಿರಣ ಸುಮಾರು 0.001 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಸಹಜವಾಗಿಯೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಎಲ್ಲರಿಗೂ ತಗಲುತ್ತಿರುತ್ತದೆ. ಅಂದರೆ ಕೆಲವು ಗಂಟೆಗಳಲ್ಲಿ ತಾನಾಗಿ ಬರುವಷ್ಟೇ. ಅಮ್ಮನಿಗೆ ಹೀಗೆ ಹೇಳಿ ನೋಡಿ.

ಅಲ್ಟ್ರಾಸೌಂಡ್ ಮೂಳೆಯ ಮೇಲ್ಮೈಯನ್ನಷ್ಟೇ ತೋರಿಸುತ್ತದೆ. ಬೆರಳಿನ ಮೇಲೆ ಎದ್ದ ಮೂಳೆಮುಳ್ಳು, ಕೀಲಿನ ನೀರು, ಒಳಪೊರೆಯ ಊತ ಅದರಲ್ಲಿ ಸೊಗಸಾಗಿ ಕಾಣುತ್ತವೆ. ಗೌಟ್ ಎಂಬ ಕೀಲುಬೇನೆಗೆ ಕಾರಣವಾದ ಯೂರಿಕ್ ಆಮ್ಲದ ಹರಳು ಮೃದ್ವಸ್ಥಿಯ ಮೇಲೆ ಕೂತಿದ್ದರೆ ಜೋಡಿಗೆರೆಯಂತೆ ಕಾಣಿಸುತ್ತದೆ, ಹೆಬ್ಬೆರಳಿನ ಬುಡದಲ್ಲಿ ಇದನ್ನು ನೋಡಲೇಬೇಕು. ಸಂದಿನ ಒಳಭಾಗ ಮಾತ್ರ ಅದಕ್ಕೆ ಸಿಗದು. ಮಾಡುವವರ ಕೈಚಳಕದ ಮೇಲೂ ಫಲಿತಾಂಶ ನಿಂತಿದೆ. ಆದ್ದರಿಂದ ನಿಂತು ಪಾದದ ಎರಡು ಎಕ್ಸ್-ರೇ, ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮೊದಲು ಆಗಲಿ. ಕಾಲುಂಗುರವನ್ನು ಮನೆಯಲ್ಲೇ ಸೋಪುನೀರು ಹಚ್ಚಿ ತೆಗೆದುಕೊಂಡು ಹೋಗಿ. ಬೆಳ್ಳಿಯ ನೆರಳು ಬಿದ್ದರೆ ಅದರಡಿಯ ಮೂಳೆ ಮರೆಯಾಗುತ್ತದೆ.

ಪ್ರಶ್ನೆ: 15 ವರ್ಷದಿಂದ ಸಕ್ಕರೆ ಕಾಯಿಲೆ. ವಾರದಿಂದ ಎಡಪಾದ ಊದಿ ಬಿಸಿಯಾಗಿದೆ, ನೋವು ಅಷ್ಟೇನಿಲ್ಲ. ಎಕ್ಸ್-ರೇ ಸರಿಯಿದೆ. ಇದೂ ಸವೆತವೇ?
– ಓದುಗರು, ಸಾಗರ

ಉತ್ತರ: ಸವೆತವೆಂದು ಕೂರಬೇಡಿ. ನರ ಸತ್ತ ಪಾದದಲ್ಲಿ ಮೂಳೆ ನೋವಿಲ್ಲದೆಯೇ ಪುಡಿಯಾಗುವ ‘ಶಾರ್ಕೋ ಪಾದ’ ಹೀಗೆಯೇ ಶುರುವಾಗುತ್ತದೆ, ಆರಂಭದಲ್ಲಿ ಎಕ್ಸ್-ರೇ ಸರಿಯಾಗಿಯೇ ಇರಬಹುದು. ನಿಮಗೆ ಎಂ.ಆರ್.ಐ. ಬೇಕಾಗಬಹುದು. ಸೋಂಕು ಇದೆಯೇ ಎಂದೂ ನೋಡಬೇಕು. ಇವತ್ತಿನಿಂದಲೇ ಆ ಕಾಲನ್ನು ನೆಲಕ್ಕೆ ಊರಬೇಡಿ, ನಾಳೆಯೊಳಗೆ ಮೂಳೆ ವೈದ್ಯರಿಗೋ ಸಕ್ಕರೆ ಕಾಯಿಲೆಯ ವೈದ್ಯರಿಗೋ ಪಾದ ತೋರಿಸಿ. ಜ್ವರ ಬಂದರೆ ಅಥವಾ ಪಾದದಲ್ಲಿ ಹುಣ್ಣು ಕಂಡರೆ ನಾಳೆಯ ತನಕವೂ ಕಾಯಬೇಡಿ.