ಕಾರಿನ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ದಿನೇ ದಿನೇ ಸ್ವಲ್ಪ ಕಡಿಮೆಯಾಗುತ್ತಿದೆ, ನೆಲದ ಮೇಲೆ ಹನಿ ಕಾಣುವುದಿಲ್ಲ. ಮನೆಯಲ್ಲೇ ಸರಿಮಾಡಬಹುದೇ?

ಸೋರಿಕೆ ಹೋಸ್ ಪೈಪಿನ ತುದಿ, ಕ್ಲಾಂಪ್ ಅಥವಾ ರೇಡಿಯೇಟರ್ ಮುಚ್ಚಳದಲ್ಲಿದ್ದರೆ ಖಂಡಿತ ಮಾಡಬಹುದು. ವಾಟರ್ ಪಂಪ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸಂದಿ ಮುಚ್ಚುವ ಪದರ) ಆಗಿದ್ದರೆ ಮೆಕ್ಯಾನಿಕ್ ಕೆಲಸ.

ಹನಿ ಕಾಣದಿರುವುದಕ್ಕೆ ಕಾರಣ ಒತ್ತಡ. ಎಂಜಿನ್ ಬಿಸಿಯಾದಾಗ ಮುಚ್ಚಳವು ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಡುತ್ತದೆ. ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದಿರುವುದು ಅದರಿಂದಲೇ. ಸಣ್ಣ ಸಂದಿಯಿಂದ ದ್ರವ ಹೊರಬರುವುದೂ ಆಗಲೇ, ಬಿಸಿ ಲೋಹದ ಮೇಲೆ ಬಿದ್ದು ಆರಿಹೋಗುತ್ತದೆ. ಉಳಿಯುವುದು ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಒಣ ಕರೆ. ನೀವು ಹುಡುಕಬೇಕಾದದ್ದು ಅದನ್ನೇ.

ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿ. ಬಿಸಿಯಿರುವಾಗ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ, ದಯವಿಟ್ಟು ಬೇಡ. ಕರೆ ಹೋಸಿನ ತುದಿಯಲ್ಲಿದ್ದರೆ ಕೆಳಗೆ ಬೋಗುಣಿಯಿಟ್ಟು ಹೋಸ್ ಬಿಚ್ಚಿ, ಒಳಗಿನ ಕೊಳವೆಯ ತುಕ್ಕು ಉಜ್ಜಿ ತೆಗೆದು, ಹೊಸ ಕ್ಲಾಂಪ್ ಹಾಕಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಹೋಸನ್ನೇ ಬದಲಿಸಿ. ಆಮೇಲೆ ಕಾರಿನ ಕೈಪಿಡಿ ಹೇಳುವ ಬಗೆಯ ಕೂಲೆಂಟನ್ನೇ ತುಂಬಿ. ಬಣ್ಣ ಒಂದೇ ಎಂಬುದನ್ನು ನಂಬಬೇಡಿ. ಚೆಲ್ಲಿದ್ದನ್ನು ತಕ್ಷಣ ಒರೆಸಿ: ಸಿಹಿಯಾಗಿರುತ್ತದೆಂದು ನಾಯಿ ನೆಕ್ಕಿದರೆ ಸಾಯಬಹುದು.

ರೇಡಿಯೇಟರಿಗೆ ಅರಿಶಿನ ಹಾಕುವುದು ಹೆದ್ದಾರಿಯಲ್ಲಿ ಸಿಕ್ಕಿಕೊಂಡವರ ಉಪಾಯ. ಸಂದಿ ಮುಚ್ಚುವ ಪುಡಿ ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

ಕರೆ ಎಲ್ಲೂ ಇಲ್ಲದೆ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದು; ಗಾಡಿ ಓಡಿಸಬೇಡಿ, ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ.