ಜಾರುವ ಭಾಗಗಳು, ಜಾರಿಹೋದ ಹೆಸರುಗಳು

ಪ್ರಶ್ನೆ: ಸರ್, ಅಪ್ಪನ ಪೆಟ್ಟಿಗೆಯಲ್ಲಿ ಹಳೇ ಸ್ಲೈಡ್ ರೂಲ್ (ಜಾರಿಸಿ ಲೆಕ್ಕ ಮಾಡುವ ಪಟ್ಟಿ) ಸಿಕ್ಕಿತು. ಅದರ ಮೇಲೆ ಅತ್ತಿತ್ತ ಜಾರುವ ಗಾಜಿನ ತುಂಡಿಗೆ ಅವರು ಕರ್ಸರ್ ಅಂತಾರೆ. ಕರ್ಸರ್ ಅಂದ್ರೆ ಕಂಪ್ಯೂಟರ್ ಪರದೆಯಲ್ಲಿ ಮಿನುಗೋದಲ್ವಾ?

ಉತ್ತರ: ಅದೂ ಹೌದು, ಇದೂ ಹೌದು. ಆದರೆ ಅಪ್ಪನ ಗಾಜಿನ ತುಂಡೇ ಹಿರಿಯದು. ಲ್ಯಾಟಿನ್‌ನಲ್ಲಿ ಕರ್ಸರ್ ಅಂದರೆ ಓಡುವವನು. ಇಂಗ್ಲಿಷಿನಲ್ಲಿ ಮೊದಲು ಸುದ್ದಿ ಹೊತ್ತು ಓಡುವ ಆಳಿಗೆ ಈ ಹೆಸರಿತ್ತು. ಆಮೇಲೆ ಅಳತೆಯ ಸಾಧನಗಳಲ್ಲಿ ಹಿಂದೆ ಮುಂದೆ ಓಡುವ ಭಾಗಕ್ಕೆ ಅಂಟಿಕೊಂಡಿತು. ಪರದೆ ಹತ್ತಿದ್ದು 20ನೇ ಶತಮಾನದಲ್ಲಿ.

ರೂಲ್ ಕೈಯಲ್ಲಿದೆಯಲ್ಲ, ಸುಮ್ನೆ ಒಂದು ಗುಣಾಕಾರ ಮಾಡಿ ನೋಡಿ. 2ನ್ನು 3ರಿಂದ ಗುಣಿಸಬೇಕು. ನಡುವಿನ ಸ್ಲೈಡ್ ಎಳೆದು, ಅದರ ಸಿ ಸ್ಕೇಲಿನ 1ನ್ನು ಕೆಳಗಿನ ಡಿ ಸ್ಕೇಲಿನ 2ರ ನೇರಕ್ಕೆ ತನ್ನಿ. ಈಗ ಕರ್ಸರನ್ನು ಸಿ ಸ್ಕೇಲಿನ 3ರ ಮೇಲೆ ನಿಲ್ಲಿಸಿ. ಗಾಜಿನ ಮೇಲಿನ ಕೂದಲೆಳೆಯಷ್ಟು ಗೆರೆ ಡಿ ಸ್ಕೇಲಿನ 6ರ ಮೇಲೆ ಕೂತಿರುತ್ತದೆ. ನೀವು ಮಾಡಿದ್ದು ಎರಡು ಉದ್ದಗಳ ಕೂಡಿಕೆ, ಅಷ್ಟೆ. ಗೆರೆಗಳನ್ನು ಲಾಗರಿದಮ್ ಲೆಕ್ಕದಲ್ಲಿ ಹಾಕಿರುವುದರಿಂದ ಕೂಡಿಸಿದ್ದು ಗುಣಾಕಾರವಾಯಿತು. ಅದಕ್ಕೇ 1ರಿಂದ 2ರವರೆಗೆ ಜಾಗ ಧಾರಾಳ, 9ರಿಂದ 10ರವರೆಗೆ ಇಕ್ಕಟ್ಟು. 25 ಸೆಂ.ಮೀ. ಸ್ಕೇಲಾದರೆ ಮೊದಲನೆಯದು ಸುಮಾರು ಏಳೂವರೆ ಸೆಂ.ಮೀ., ಕೊನೆಯದು 1 ಸೆಂ.ಮೀ.ಗಿಂತ ಚೂರು ಜಾಸ್ತಿ.

17ನೇ ಶತಮಾನದಲ್ಲಿ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಆಟ್ರೆಡ್ ಜಾರುವ ರೂಲ್ ಮಾಡಿದಾಗ ಕರ್ಸರ್ ಇರಲಿಲ್ಲ. ಫ್ರಾನ್ಸಿನ ಸೇನಾಧಿಕಾರಿ ಅಮೆಡೀ ಮಾನ್‌ಹೈಮ್ 1850ರ ದಶಕದಲ್ಲಿ ಕರ್ಸರ್ ಇರುವ ಮಾದರಿ ಮಾಡಿದ ಮೇಲೆ ಅದು ಎಲ್ಲರ ಕೈಗೂ ಬಂತು. 1972ರಲ್ಲಿ ಎಚ್‌ಪಿ-35 ಎಂಬ ಜೇಬಿನ ಕ್ಯಾಲ್ಕುಲೇಟರ್ ಬಂದದ್ದೇ ತಡ, ರೂಲ್‌ಗಳು ಪೆಟ್ಟಿಗೆ ಸೇರಿದವು. ಅಂದ ಹಾಗೆ, ನಿಮ್ಮದು ಮರದ್ದಾಗಿದ್ದರೆ ಎಣ್ಣೆ ಮಾತ್ರ ಹಾಕಬೇಡಿ. ಧೂಳು ಹಿಡಿದು ಇನ್ನೂ ಬಿಗಿಯಾಗುತ್ತದೆ.

ಪ್ರಶ್ನೆ: ಟರ್ನರ್ ಕೆಲಸ ಕಲಿಯುತ್ತಿದ್ದೇನೆ. ಮೇಷ್ಟ್ರು 'ಗಿಬ್ ಟೈಟ್ ಮಾಡು' ಅಂದರು. ಡಿಕ್ಷನರಿಯಲ್ಲಿ ನೋಡಿದರೆ ಗಿಬ್ ಅಂದರೆ ಗಂಡು ಬೆಕ್ಕು ಅಂತಿದೆ!

ಉತ್ತರ: ಓದಿ ನಕ್ಕುಬಿಟ್ಟೆ. ಬೆಕ್ಕಿನ ಗಿಬ್ ಬೇರೆ. ಅದು ಗಿಲ್ಬರ್ಟ್ ಎಂಬ ಗಂಡಸಿನ ಹೆಸರು ಮೊಟಕಾಗಿ ಬಂದದ್ದು. ನಿಮ್ಮ ಮೇಷ್ಟ್ರ ಗಿಬ್ ಅಂದರೆ ಲೇತ್‌ನ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಕ್ರಾಸ್ ಸ್ಲೈಡ್, ಅಂದರೆ ಟೂಲನ್ನು ಅಡ್ಡಕ್ಕೆ ಓಡಿಸುವ ಭಾಗದ ಪಕ್ಕದ ಸಂದಿಯಲ್ಲಿ ಕೂತಿರುವ ತೆಳ್ಳನೆಯ ಪಟ್ಟಿ. ಜಿಬ್ ಅನ್ನುವವರೂ ಇದ್ದಾರೆ, ಜಗಳ ಬೇಡ.

ಸ್ಲೈಡ್ ಓಡಿ ಓಡಿ ಸವೆಯುತ್ತದೆ. ಸವೆದರೆ ಸಡಿಲ. ಸಡಿಲವಾದರೆ ಟೂಲ್ ನಡುಗಿ ಜಾಬ್ (ಕಡೆಯುತ್ತಿರುವ ಲೋಹ) ಮೇಲೆ ಅಲೆ ಅಲೆ ಗುರುತು. ಆಗ ಇಡೀ ಸ್ಲೈಡ್ ಬದಲಿಸಬೇಕಿಲ್ಲ. ಪಕ್ಕದ ಸ್ಕ್ರೂಗಳಿಂದ ಈ ಪಟ್ಟಿಯನ್ನು ಒಳಕ್ಕೆ ಒತ್ತಿದರೆ ಸಂದಿ ಮುಚ್ಚುತ್ತದೆ. ಸ್ಕ್ರೂ ಅಲುಗದಂತೆ ಹಿಡಿಯುವ ಲಾಕ್‌ನಟ್ ಸಡಿಲಿಸಿ. ಒಂದೊಂದೇ ಸ್ಕ್ರೂವನ್ನು ಚೂರು ಚೂರೇ ತಿರುಗಿಸಿ. ಪ್ರತಿ ಸಲವೂ ಹ್ಯಾಂಡಲ್ ತಿರುವಿ ನೋಡಿ. ಕೈಗೆ ಒಂದಿಷ್ಟು ಬಿಗಿ ಗೊತ್ತಾಗಬೇಕು, ಆದರೆ ಎಲ್ಲೂ ಹಿಡಿಯಬಾರದು. ನಟ್ ಬಿಗಿ ಮಾಡುವಾಗ ಸ್ಕ್ರೂಡ್ರೈವರ್ ತೆಗೆಯಬೇಡಿ, ಸ್ಕ್ರೂ ಅಲುಗದಂತೆ ಹಿಡಿದೇ ಇರಿ. ಇಲ್ಲದಿದ್ದರೆ ನಟ್ ಜೊತೆ ಅದೂ ತಿರುಗಿ ಮಾಡಿದ್ದೆಲ್ಲ ನೀರಲ್ಲಿ ಹೋಮ. ಲೇತ್ ಮುಂದೆ ನಿಂತೇ ತಲೆ ನರೆಸಿಕೊಂಡವನ ಮಾತು, ನಂಬಿ.

ಈ ಸ್ಲೈಡ್‌ಗೂ ಒಂದು ಅಡ್ಡಹೆಸರಿತ್ತು. ಹಿಂದೆ ಟೂಲನ್ನು ಕೈಯಲ್ಲೇ ಒತ್ತಿ ಹಿಡಿಯಬೇಕಿತ್ತು. ಲಂಡನ್ನಿನ ಯಂತ್ರ ತಯಾರಕ ಹೆನ್ರಿ ಮಾಡ್ಸ್‌ಲೇ ಟೂಲ್ ಹಿಡಿದು ಜಾರುವ ಸ್ಲೈಡ್ ರೆಸ್ಟ್ ಬಳಕೆಗೆ ತಂದಾಗ, ಹಳೇ ಕೈಗಳು ಅದನ್ನು 'ಮಾಡ್ಸ್‌ಲೇಯ ಗೋ-ಕಾರ್ಟ್' ಅಂತ ಆಡಿಕೊಂಡರಂತೆ. ಆಗ ಗೋ-ಕಾರ್ಟ್ ಅಂದರೆ ನಡೆಯಲು ಕಲಿಯುವ ಮಕ್ಕಳ ಗಾಡಿ! ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ ಪಾಪೆಟ್ ಅಂತ ಸಿಕ್ಕರೆ ಮತ್ತೆ ಗೊಂಬೆ ಅಂದುಕೊಂಡೀರಿ. ಅದು ಲೇತ್‌ನ ಎರಡು ಕಡೆ ಜಾಬ್‌ಗೆ ಆಧಾರವಾಗಿರುವ ಹೆಡ್‌ಸ್ಟಾಕ್, ಟೇಲ್‌ಸ್ಟಾಕ್‌ಗಳ ಹಳೇ ಹೆಸರು.

ಪ್ರಶ್ನೆ: ಕೋಟೆ ಕಥೆಗಳ ಪೋರ್ಟ್‌ಕಲಿಸ್‌ಗೂ ರಂಗಭೂಮಿಯ ಕೂಲೀಸ್‌ಗೂ ಸಂಬಂಧ ಇದೆಯಾ?

ಉತ್ತರ: ಇದೆ. ಎರಡರ ಬೇರೂ ಫ್ರೆಂಚ್‌ನ 'ಕೂಲೇ', ಅಂದರೆ ಹರಿ, ಜಾರು. ಪೋರ್ಟ್‌ಕಲಿಸ್ ಅಂದರೆ ಜಾರುವ ಬಾಗಿಲು. ಕಬ್ಬಿಣ ಹೊಡೆದ ಮರದ ಜಾಲರಿ ಅದು. ಎರಡೂ ಪಕ್ಕದ ಕಲ್ಲಿನ ಗ್ರೂವ್‌ನಲ್ಲಿ, ಅಂದರೆ ಕೊರೆದ ಸಂದಿಯಲ್ಲಿ, ಮೇಲೆ ಕೆಳಗೆ ಓಡುತ್ತದೆ. ಎತ್ತಲು ರಾಟೆ ಬೇಕು, ಬೀಳಲು ಅದರ ಭಾರವೇ ಸಾಕು. ಶತ್ರು ಬಾಗಿಲಲ್ಲಿದ್ದಾಗ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ! ಕೂಲೀಸ್ ಅಂದರೆ ಮೊದಲು ಬರೀ ಗ್ರೂವ್. ರಂಗದ ಪಕ್ಕದ ಪರದೆಗಳು ಅದರಲ್ಲಿ ಜಾರುತ್ತಿದ್ದವು. ಕೊನೆಗೆ ಆ ಪಕ್ಕದ ಜಾಗಕ್ಕೇ ಹೆಸರಾಯಿತು.

ಪ್ರಶ್ನೆ: ಸ್ಯಾಕ್‌ಬಟ್ ಅಂದರೆ ಏನು ಸರ್?

ಉತ್ತರ: ಟ್ರಾಂಬೋನ್ ವಾದ್ಯದ ಹಳೇ ರೂಪ. ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತ ಊದುವ ವಾದ್ಯ ಅದು. ಹಳೇ ಫ್ರೆಂಚ್‌ನಲ್ಲಿ 'ಎಳಿ-ತಳ್ಳು' ಅಂತ ಅರ್ಥ. ನುಡಿಸುವವನ ಕೈ ನೋಡಿದರೆ ಅದನ್ನೇ ಮಾಡುತ್ತಿರುತ್ತದೆ.